ಕರಾರಿನೊಳಗಿನ ರಿಫೈನರಿ



ಇವತ್ತಿನ ವಿಷಯ ತೈಲ ಶುದ್ಧೀಕರಣಾಗಾರ. ನಾವೆಲ್ಲ ಆಡುಮಾತಿನಲ್ಲಿ ರಿಫೈನರಿ ಅನ್ನುತ್ತೇವೆ. ಸುರತ್ಕಲ್ ಕಡೆ ಹೋದವರು ದೂರದಿಂದಲೇ ಅದನ್ನು ಗುರುತಿಸುತ್ತಾರೆ. ಎತ್ತರದ ಉಕ್ಕಿನ ಗೋಪುರಗಳು, ಗುಂಡನೆಯ ದೊಡ್ಡ ಟ್ಯಾಂಕುಗಳು, ತುದಿಯಲ್ಲಿ ಬೆಂಕಿ ಉರಿಯುವ ಕೊಳವೆ. ಆದರೆ ಪ್ರತಿಯೊಂದು ರಿಫೈನರಿಯೂ ನೆಲದ ಮೇಲೆ ಏಳುವ ಮೊದಲು ಕಾಗದದ ಮೇಲೆ ಏಳುತ್ತದೆ. ಆ ಕಾಗದಕ್ಕೆ ಕರಾರು ಎಂದು ಹೆಸರು. ಅದರಲ್ಲಿ ಏನು ಬರೆದಿದೆ ಎಂಬುದರ ಮೇಲೆ ಆ ರಿಫೈನರಿ ಯಾರ ಮಾತು ಕೇಳುತ್ತದೆ ಎಂಬುದು ನಿಂತಿದೆ. ನಾನು ಇಂದು ಹೇಳಬೇಕೆಂದಿರುವುದು ಇದೊಂದೇ ಮಾತು. ಅದಕ್ಕೆ ನಮ್ಮ ದೇಶದ್ದೇ ಉದಾಹರಣೆ ಕೊಡುತ್ತೇನೆ.

ಮೊದಲಿಗೆ, ಕರಾರಿನ ಕಣ್ಣಿಗೆ ರಿಫೈನರಿ ಹೇಗೆ ಕಾಣುತ್ತದೆ ಎಂದು ನೋಡೋಣ.

ಕರಾರು ಬರೆಯುವವರು ಸಾಮಾನ್ಯವಾಗಿ ನಾಲ್ಕು ವಿಷಯ ಗಟ್ಟಿ ಮಾಡಿಕೊಳ್ಳುತ್ತಾರೆ. ಮೊದಲನೆಯದು ಸಾಮರ್ಥ್ಯ. ವರ್ಷಕ್ಕೆ ಎಷ್ಟು ಲಕ್ಷ ಟನ್ ಕಚ್ಚಾ ತೈಲವನ್ನು ಅದು ಅರಗಿಸಿಕೊಳ್ಳಬಲ್ಲದು? ಎರಡನೆಯದು ಕಚ್ಚಾ ತೈಲದ ಜಾತಿ. ಎಲ್ಲ ಕಚ್ಚಾ ತೈಲವೂ ಒಂದೇ ಅಲ್ಲ. ಒಂದು ತೆಳು, ಇನ್ನೊಂದು ದಪ್ಪ. ಒಂದರಲ್ಲಿ ಗಂಧಕ ಕಡಿಮೆ, ಇನ್ನೊಂದರಲ್ಲಿ ಹೆಚ್ಚು. ಕಡಿಮೆ ಗಂಧಕದ ತೈಲಕ್ಕೆಂದು ಕಟ್ಟಿದ ಯಂತ್ರಕ್ಕೆ ಹೆಚ್ಚು ಗಂಧಕದ ತೈಲ ಹಾಯಿಸಿದರೆ ಕೊಳವೆಗಳು ಸವೆದುಹೋಗುತ್ತವೆ. ಮೂರನೆಯದು ಲೆಕ್ಕ. ನೂರು ಟನ್ ಒಳಗೆ ಹೋದರೆ ನೂರು ಟನ್ ಹೊರಗೆ ಬರುವುದಿಲ್ಲ. ಐದರಿಂದ ಹತ್ತು ಟನ್ ಅದರ ಕುಲುಮೆಗಳಿಗೇ ಉರುವಲಾಗಿಯೋ ನಷ್ಟವಾಗಿಯೋ ಹೋಗುತ್ತದೆ. ಉಳಿದದ್ದರಲ್ಲಿ ಪೆಟ್ರೋಲು ಎಷ್ಟು, ಡೀಸೆಲ್ ಎಷ್ಟು, ಸೀಮೆಎಣ್ಣೆ ಎಷ್ಟು ಎಂಬುದನ್ನೂ ಬರೆಯುತ್ತಾರೆ. ನಾಲ್ಕನೆಯದು ಗಡಿ. ಎಲ್ಲಿಂದ ಎಲ್ಲಿಯವರೆಗೆ ಯಾರ ಸೊತ್ತು, ಯಾರ ಹೊಣೆ?

ಈ ಗಡಿಯ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಪರ್ಷಿಯನ್ ಕೊಲ್ಲಿಯ ಒಂದು ಬಂದರಿನಲ್ಲಿ ಹಡಗು ನಿಂತಿದೆ. ದಡದಿಂದ ಬಂದ ದಪ್ಪ ಕೊಳವೆಯನ್ನು ಹಡಗಿನ ಕೊಳವೆಯ ಬಾಯಿಗೆ ಬೋಲ್ಟು ಹಾಕಿ ಬಿಗಿದಿದ್ದಾರೆ. ಬಂದರಿನಲ್ಲೇ ಸರಕು ವಹಿಸಿಕೊಳ್ಳುವ ಕರಾರಾದರೆ, ಆ ಜೋಡಣೆಯೇ ಗಡಿ. ಅದರ ಈಚೆಗೆ ಇರುವ ತೈಲ ಮಾರುವವನದು. ಆ ಬೋಲ್ಟು ದಾಟಿದ ಕ್ಷಣದಿಂದ ಅದು ಕೊಳ್ಳುವವನದು. ಆಮೇಲೆ ನಡುಸಮುದ್ರದಲ್ಲಿ ಏನೇ ಆದರೂ ನಷ್ಟ ಕೊಂಡವನದೇ. ತುಂಬುವಾಗ ತೈಲದ ಮಾದರಿಗಳನ್ನು ತೆಗೆದು ಮೊಹರು ಹಾಕಿ ಇಡುತ್ತಾರೆ, ಮುಂದೆ ತಕರಾರು ಬಂದರೆ ಒರೆಗೆ ಹಚ್ಚಲು. ತೈಲದಲ್ಲಿ ಬೆರೆತ ನೀರನ್ನೂ ಕೆಸರನ್ನೂ ಲೆಕ್ಕದಿಂದ ಕಳೆಯುತ್ತಾರೆ. ಹಡಗು ನಮ್ಮ ತೀರಕ್ಕೆ ಬಂದಾಗ ಮತ್ತೆ ಅಳತೆ. ಎರಡು ಅಳತೆಯ ನಡುವೆ ನೂರಕ್ಕೆ ಅರ್ಧ ಭಾಗದಷ್ಟು ವ್ಯತ್ಯಾಸವನ್ನು ವ್ಯಾಪಾರದ ವಾಡಿಕೆ ಒಪ್ಪಿಕೊಳ್ಳುತ್ತದೆ. ಅಷ್ಟೇ ಅಲ್ಲವೇ ಎನ್ನಬೇಡಿ. ಒಂದು ಲಕ್ಷ ಟನ್ನಿನ ಹಡಗಿನಲ್ಲಿ ಅದು ಐನೂರು ಟನ್.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಕರಾರು ರಿಫೈನರಿಯನ್ನು ಸಾಮರ್ಥ್ಯ, ತೈಲದ ಜಾತಿ, ಉತ್ಪನ್ನದ ಲೆಕ್ಕ, ಗಡಿ ಎಂಬ ನಾಲ್ಕು ಅಳತೆಗಳಿಂದ ಗುರುತಿಸುತ್ತದೆ. ಇವೆಲ್ಲ ಎಂಜಿನಿಯರುಗಳ ಅಳತೆಗಳು. ಇವುಗಳ ಆಚೆಗೆ ಇನ್ನೆರಡು ಪ್ರಶ್ನೆಗಳಿವೆ. ಒಳಗೆ ಬರುವ ತೈಲವನ್ನು ಆರಿಸುವವರು ಯಾರು? ಹೊರಗೆ ಹೋಗುವ ಸರಕಿಗೆ ಬೆಲೆ ಕಟ್ಟುವವರು ಯಾರು? ರಾಷ್ಟ್ರಗಳು ಗೆದ್ದದ್ದೂ ಸೋತದ್ದೂ ಈ ಎರಡು ಪ್ರಶ್ನೆಗಳಲ್ಲಿ. ಅದನ್ನು ತಿಳಿಯಲು 1951ಕ್ಕೆ ಹೋಗೋಣ.

ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ಇದ್ದದ್ದು ಒಂದೇ ರಿಫೈನರಿ. ಅಸ್ಸಾಮಿನ ಡಿಗ್ಬೋಯಿಯದು. 1901ರಲ್ಲಿ ಶುರುವಾದದ್ದು. ದೇಶದ ಬೇಡಿಕೆಯಲ್ಲಿ ಸಣ್ಣದೊಂದು ಪಾಲನ್ನು ಮಾತ್ರ ಅದು ಪೂರೈಸುತ್ತಿತ್ತು. ಉಳಿದ ಪೆಟ್ರೋಲು, ಡೀಸೆಲ್, ಸೀಮೆಎಣ್ಣೆ ಎಲ್ಲವೂ ಸಿದ್ಧ ಸರಕಾಗಿ ಹಡಗಿನಲ್ಲಿ ಬರುತ್ತಿತ್ತು. ಹಳ್ಳಿಯ ಮನೆಯ ಬುಡ್ಡಿಗೆ ಹಾಕುವ ಸೀಮೆಎಣ್ಣೆಯೂ ಹೊರದೇಶದ್ದೇ. ಇಲ್ಲಿಯೇ ರಿಫೈನರಿ ಕಟ್ಟಿ ಎಂದು ಸರ್ಕಾರ ವಿದೇಶಿ ಕಂಪನಿಗಳನ್ನು ಕೇಳಿತು. ಮೊದಮೊದಲು ಅವು ಆಸಕ್ತಿ ತೋರಲಿಲ್ಲ. ಲಾಭವಿಲ್ಲ ಎಂದವು.

ಅಷ್ಟರಲ್ಲಿ ಇರಾನಿನಲ್ಲಿ ದೊಡ್ಡ ಘಟನೆ ನಡೆಯಿತು. 1951ರಲ್ಲಿ ಪ್ರಧಾನಿ ಮೊಸಾದೆಕ್ ನಾಯಕತ್ವದಲ್ಲಿ ಇರಾನ್ ತನ್ನ ತೈಲವನ್ನು ರಾಷ್ಟ್ರೀಕರಣ ಮಾಡಿತು. ಅಬಾದಾನ್ ರಿಫೈನರಿ ಬ್ರಿಟಿಷ್ ಕಂಪನಿಯ ಕೈತಪ್ಪಿತು. ಆ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ರಿಫೈನರಿಗಳಲ್ಲಿ ಅದೂ ಒಂದು. ಭಾರತಕ್ಕೆ ಸರಕು ಬರುತ್ತಿದ್ದ ಮೂಲಗಳಲ್ಲೂ ಒಂದು. ಆಗ ಕಂಪನಿಗಳ ಲೆಕ್ಕಾಚಾರ ಬದಲಾಯಿತು. ಕಚ್ಚಾ ತೈಲ ಸಿಗುವ ಕಡೆಯೇ ರಿಫೈನರಿ ಇಡುವುದು ಅಪಾಯ, ಸರಕು ಮಾರುವ ಕಡೆ ಇಡುವುದು ಕ್ಷೇಮ ಎಂದು ಅವಕ್ಕೆ ತೋರಿತು.

ಹೀಗೆ ಮೂರು ಒಪ್ಪಂದಗಳು ಆದವು. 1951ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ವ್ಯಾಕ್ಯೂಮ್ ಕಂಪನಿಯ ಜೊತೆ ಒಂದು. ಅದೇ ವರ್ಷ ಬರ್ಮಾ ಷೆಲ್ ಜೊತೆ ಇನ್ನೊಂದು. 1953ರಲ್ಲಿ ಕ್ಯಾಲ್ಟೆಕ್ಸ್ ಜೊತೆ ಮೂರನೆಯದು. ಮೊದಲೆರಡು ರಿಫೈನರಿಗಳು ಮುಂಬಯಿಯ ಟ್ರಾಂಬೆ ಭಾಗದಲ್ಲಿ ಎದ್ದವು. ಮೂರನೆಯದು ವಿಶಾಖಪಟ್ಟಣದಲ್ಲಿ. 1954, 1955 ಮತ್ತು 1957ರಲ್ಲಿ ಅವು ಕೆಲಸ ಶುರು ಮಾಡಿದವು. ಮೂರೂ ಸೇರಿ ವರ್ಷಕ್ಕೆ ಸುಮಾರು ನಲವತ್ತು ಲಕ್ಷ ಟನ್ ಸಾಮರ್ಥ್ಯ. ಆ ದಿನಗಳಿಗೆ ಅದು ದೊಡ್ಡ ಸಾಧನೆ. ಹಣವಿಲ್ಲದ, ತಂತ್ರಜ್ಞಾನವಿಲ್ಲದ ಹೊಸ ದೇಶಕ್ಕೆ ಆರು ವರ್ಷದಲ್ಲಿ ಮೂರು ರಿಫೈನರಿ. ಅದನ್ನು ತಂದುಕೊಟ್ಟವರ ಶ್ರಮವನ್ನು ನಾವು ಕಡೆಗಣಿಸಬಾರದು.

ಆದರೆ ಆ ಒಪ್ಪಂದಗಳ ಷರತ್ತುಗಳನ್ನು ನೋಡಬೇಕು. ಮುಖ್ಯವಾದವು ಮೂರು. ಒಂದು, ಇಪ್ಪತ್ತೈದು ವರ್ಷ ಸರ್ಕಾರ ಈ ರಿಫೈನರಿಗಳನ್ನು ವಶಪಡಿಸಿಕೊಳ್ಳುವುದಿಲ್ಲ. ಎರಡು, ಕಚ್ಚಾ ತೈಲವನ್ನು ಕಂಪನಿಗಳು ತಮಗೆ ಬೇಕಾದ ಮೂಲದಿಂದ ತರಿಸಿಕೊಳ್ಳಬಹುದು. ಮೂರು, ತಯಾರಾದ ಸರಕನ್ನು ಆಮದು ಬೆಲೆಗೆ ಸಮನಾದ ಬೆಲೆಯಲ್ಲಿ ಮಾರಬಹುದು.

ಈ ಮೂರನೆಯ ಷರತ್ತು ಕೇಳಲು ನ್ಯಾಯವಾಗಿಯೇ ಇದೆ. ಅದರ ಒಳಗೆ ಇಳಿದು ನೋಡಿ. ಟ್ರಾಂಬೆಯಲ್ಲಿ ಒಂದು ಟನ್ ಸೀಮೆಎಣ್ಣೆ ತಯಾರಾಗುತ್ತದೆ. ಅದಕ್ಕೆ ಬೆಲೆ ಕಟ್ಟುವುದು ಹೇಗೆ? ಅದು ಟ್ರಾಂಬೆಯಲ್ಲಿ ಹುಟ್ಟಿದ್ದೇ ಅಲ್ಲ ಎಂದುಕೊಳ್ಳಬೇಕು. ಕೊಲ್ಲಿಯ ಬಂದರಿನಲ್ಲಿ ಹೊರದೇಶದವರು ಹೇಳುವ ದರ ತೆಗೆದುಕೊಳ್ಳಬೇಕು. ಅದಕ್ಕೆ ಹಡಗಿನ ಬಾಡಿಗೆ ಸೇರಿಸಬೇಕು. ವಿಮೆ ಸೇರಿಸಬೇಕು. ಸಮುದ್ರದಲ್ಲಿ ಆಗಬಹುದಾದ ನಷ್ಟ ಸೇರಿಸಬೇಕು. ಆಮದು ಸುಂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಮುದ್ರ ದಾಟದ ಸೀಮೆಎಣ್ಣೆಗೆ ಸಮುದ್ರ ದಾಟಿದ ಬೆಲೆ. ಆ ಬೆಲೆ ತೆರುತ್ತಿದ್ದವನು ಬುಡ್ಡಿ ಹಚ್ಚುವ ರೈತ.

ಎರಡನೆಯ ಷರತ್ತೂ ಇಷ್ಟೇ ಮುಖ್ಯ. ಈ ಕಂಪನಿಗಳ ರಿಫೈನರಿ ಒಂದು ಹೆಸರಿನಲ್ಲಿ, ಮಾರಾಟ ಇನ್ನೊಂದು ಹೆಸರಿನಲ್ಲಿ ಇತ್ತು. ಕಚ್ಚಾ ತೈಲ ಕೊಡುವವರು ಅದೇ ಮನೆತನದ ಇನ್ನೊಂದು ಕಂಪನಿ. ಮಾರುವವನೂ ಕೊಳ್ಳುವವನೂ ಒಂದೇ ಮನೆಯವರಾದ ಮೇಲೆ ದರ ಇಳಿಸುವ ಅವಸರ ಯಾರಿಗೆ? ಲಾಭ ಯಾವ ಕೋಣೆಯಲ್ಲಿ ಕೂತರೂ ಮನೆ ಒಂದೇ. ಹೊರಗೆ ಹೋಗುತ್ತಿದ್ದದ್ದು ಮಾತ್ರ ನಮ್ಮ ವಿದೇಶಿ ವಿನಿಮಯ.

ಈವರೆಗಿನ ಮಾತನ್ನು ಮತ್ತೊಮ್ಮೆ ಕೂಡಿಸಿಕೊಳ್ಳೋಣ. ರಿಫೈನರಿಗಳು ನಮ್ಮ ನೆಲದಲ್ಲಿ ಇದ್ದವು. ನಮ್ಮ ಜನ ಅಲ್ಲಿ ದುಡಿಯುತ್ತಿದ್ದರು. ಸರಕು ನಮ್ಮಲ್ಲೇ ಮಾರಾಟವಾಗುತ್ತಿತ್ತು. ಆದರೆ ಒಳಬರುವ ತೈಲದ ಆಯ್ಕೆ, ಹೊರಹೋಗುವ ಸರಕಿನ ಬೆಲೆ, ಎರಡೂ ಕರಾರಿನ ಪ್ರಕಾರ ಕಂಪನಿಗಳ ಕೈಯಲ್ಲಿ. ಈ ವ್ಯವಸ್ಥೆ ಕೆಲವು ವರ್ಷ ನಡೆಯಿತು. 1960ರಲ್ಲಿ ಪರೀಕ್ಷೆ ಬಂತು.

ಆ ವರ್ಷ ಸೋವಿಯತ್ ಒಕ್ಕೂಟ ಭಾರತಕ್ಕೆ ಕಚ್ಚಾ ತೈಲ ಕೊಡಲು ಮುಂದೆ ಬಂತು. ಕಂಪನಿಗಳ ದರಕ್ಕಿಂತ ಸಾಕಷ್ಟು ಅಗ್ಗ. ಅದಕ್ಕಿಂತ ದೊಡ್ಡ ಅನುಕೂಲವೆಂದರೆ ಹಣವನ್ನು ರೂಪಾಯಿಯಲ್ಲೇ ಕೊಡಬಹುದಿತ್ತು. ಡಾಲರು, ಪೌಂಡು ಕೂಡಿಸಲು ಪರದಾಡುತ್ತಿದ್ದ ದೇಶಕ್ಕೆ ಇದು ವರದ ಹಾಗೆ. ಆಗ ಗಣಿ ಮತ್ತು ತೈಲ ಖಾತೆಯ ಸಚಿವರು ಕೇಶವದೇವ ಮಾಳವೀಯ. ಈ ತೈಲವನ್ನು ನಿಮ್ಮ ರಿಫೈನರಿಗಳಲ್ಲಿ ಶುದ್ಧೀಕರಿಸಿ ಕೊಡಿ ಎಂದು ಅವರು ಮೂರು ಕಂಪನಿಗಳನ್ನೂ ಕೇಳಿದರು. ಮೂರೂ ಆಗುವುದಿಲ್ಲ ಎಂದವು. ಒಪ್ಪಂದದ ಷರತ್ತನ್ನು ಮುಂದಿಟ್ಟವು. ತೈಲವನ್ನು ಆರಿಸುವ ಹಕ್ಕು ನಮ್ಮದು, ಬೇರೆಯವರ ತೈಲ ಮುಟ್ಟಬೇಕೆಂಬ ಕಟ್ಟುಪಾಡು ನಮಗಿಲ್ಲ ಎಂದವು.

ಇದನ್ನು ಊರಿನ ಅಕ್ಕಿ ಮಿಲ್ಲಿಗೆ ಹೋಲಿಸಿ ನೋಡಿ. ಕೂಲಿ ಕೊಟ್ಟರೆ ಯಾರ ಭತ್ತವನ್ನಾದರೂ ಅಕ್ಕಿ ಮಾಡಿಕೊಡುವುದು ಮಿಲ್ಲಿನ ಧರ್ಮ. ಆದರೆ ಧಣಿಯ ಗದ್ದೆಯ ಭತ್ತ ಬಿಟ್ಟು ಬೇರೆ ಯಾವುದನ್ನೂ ಮುಟ್ಟುವುದಿಲ್ಲ ಎಂದು ಕರಾರಿನಲ್ಲಿ ಬರೆದಿದ್ದರೆ? ಮಿಲ್ಲು ಊರಿನ ನಡುವೆ ಇದ್ದರೂ ಊರಿನದಲ್ಲ. ನಮ್ಮ ಮೂರು ರಿಫೈನರಿಗಳ ಸ್ಥಿತಿ 1960ರಲ್ಲಿ ಇದೇ ಆಗಿತ್ತು.

ಅದೇ ಬೇಸಿಗೆಯಲ್ಲಿ ಕ್ಯೂಬಾದಲ್ಲೂ ಇದೇ ಜಗಳ ನಡೆಯಿತು. ಸೋವಿಯತ್ ಕಚ್ಚಾ ತೈಲ ಮುಟ್ಟುವುದಿಲ್ಲ ಎಂದು ಅಲ್ಲಿನ ವಿದೇಶಿ ರಿಫೈನರಿಗಳು ಹಟ ಹಿಡಿದವು. ಕ್ಯಾಸ್ಟ್ರೋ ಸರ್ಕಾರ ಅವನ್ನು ವಶಕ್ಕೆ ತೆಗೆದುಕೊಂಡಿತು. ಭಾರತ ಆ ದಾರಿ ಹಿಡಿಯಲಿಲ್ಲ. ಕೊಟ್ಟ ಮಾತಿಗೆ ನಿಂತಿತು. ಕರಾರನ್ನು ಮುರಿಯದೆ ಅದರ ಸುತ್ತಲೂ ಹೊಸ ದಾರಿ ಮಾಡಿಕೊಂಡಿತು. ನನ್ನ ದೃಷ್ಟಿಯಲ್ಲಿ ಅದು ನಮ್ಮ ಆಡಳಿತದ ಇತಿಹಾಸದಲ್ಲಿ ಹೆಮ್ಮೆಪಡಬೇಕಾದ ನಡೆ.

ಆ ದಾರಿ ಯಾವುದು? 1959ರಲ್ಲಿ ಸರ್ಕಾರ ಇಂಡಿಯನ್ ಆಯಿಲ್ ಕಂಪನಿಯನ್ನು ಸ್ಥಾಪಿಸಿತ್ತು. ಕಚ್ಚಾ ತೈಲವನ್ನು ಶುದ್ಧೀಕರಿಸುವವರಿಲ್ಲ ಎಂದಾದರೆ ಸಿದ್ಧ ಸರಕನ್ನೇ ತರಿಸೋಣ ಎಂದು ತೀರ್ಮಾನವಾಯಿತು. 1960ರ ಆಗಸ್ಟಿನಲ್ಲಿ ಉಜ್ಗೊರೋಡ್ ಎಂಬ ಸೋವಿಯತ್ ಹಡಗು ಮುಂಬಯಿಗೆ ಬಂತು. ಅದರಲ್ಲಿ ಸುಮಾರು ಹನ್ನೊಂದು ಸಾವಿರ ಟನ್ ಡೀಸೆಲ್ ಇತ್ತು. ಅದನ್ನು ಇಳಿಸಿದ್ದು ಪೀರ್ ಪಾವ್ ಜೆಟ್ಟಿಯಲ್ಲಿ. ಆ ಜೆಟ್ಟಿ ಇರುವುದು ಟ್ರಾಂಬೆ ದಂಡೆಯಲ್ಲೇ. ಸೋವಿಯತ್ ಕಚ್ಚಾ ತೈಲ ಬೇಡವೆಂದ ಎರಡು ರಿಫೈನರಿಗಳ ನೆರೆಯಲ್ಲೇ ಸೋವಿಯತ್ ಡೀಸೆಲ್ ಇಳಿಯಿತು. ಸರ್ಕಾರದ ಒತ್ತಡಕ್ಕೆ ಕಂಪನಿಗಳೂ ಕಚ್ಚಾ ತೈಲದ ದರದಲ್ಲಿ ರಿಯಾಯಿತಿ ಕೊಡತೊಡಗಿದವು. 1961ರಲ್ಲಿ ಸರ್ಕಾರ ನೇಮಿಸಿದ ದಾಮ್ಲೆ ಸಮಿತಿ ತೈಲ ಬೆಲೆಯ ಲೆಕ್ಕವನ್ನು ಬಿಚ್ಚಿ ನೋಡಿತು. ಕಂಪನಿಗಳೇ ಬೆಲೆ ಕಟ್ಟುತ್ತಿದ್ದ ಹಳೆಯ ಪದ್ಧತಿ ಅಲ್ಲಿಗೆ ಸಡಿಲವಾಯಿತು.

ಅಂದರೆ, ಹಳೆಯ ಕರಾರು ಕೈ ಕಟ್ಟಿತ್ತು. ಸರ್ಕಾರ ಅದನ್ನು ಗೌರವಿಸಿಯೂ ಬೇರೆ ಬಾಗಿಲು ತೆರೆಯಿತು. ಇನ್ನು ಮುಂದಿನ ವಿಷಯ, ಆ ಪಾಠ ಕಲಿತ ಮೇಲೆ ಹೊಸ ಕರಾರುಗಳು ಹೇಗೆ ಬದಲಾದವು ಎಂಬುದು.

ಮೊದಲ ಬದಲಾವಣೆ, ಸರ್ಕಾರವೇ ರಿಫೈನರಿ ಕಟ್ಟಿತು. 1962ರ ಹೊಸವರ್ಷದ ದಿನ ನೆಹರೂ ಗುವಾಹಟಿ ರಿಫೈನರಿಯನ್ನು ಉದ್ಘಾಟಿಸಿದರು. ಅದಕ್ಕೆ ನೆರವಾದದ್ದು ರುಮೇನಿಯಾ. ಬಿಹಾರದ ಬರೌನಿ, ಗುಜರಾತಿನ ಕೊಯಲಿ ರಿಫೈನರಿಗಳಿಗೆ ಸೋವಿಯತ್ ನೆರವು ದೊರೆಯಿತು. ಇಲ್ಲಿ ಹೊರದೇಶದವರು ಯಂತ್ರ ಕೊಟ್ಟರು, ಕೆಲಸ ಕಲಿಸಿದರು. ಒಡೆತನ ನಮ್ಮದೇ ಆಯಿತು.

ಎರಡನೆಯ ಬದಲಾವಣೆ, ಪಾಲುದಾರಿಕೆಯ ಕರಾರು. ಕೊಚ್ಚಿಯಲ್ಲಿ ಅಮೆರಿಕದ ಫಿಲಿಪ್ಸ್ ಕಂಪನಿ ಪಾಲುದಾರನಾಯಿತು. 1963ರಲ್ಲಿ ಒಪ್ಪಂದ, 1966ರಲ್ಲಿ ರಿಫೈನರಿ. ಮದ್ರಾಸಿನಲ್ಲಿ 1965ರಲ್ಲಿ ಒಪ್ಪಂದವಾಗಿ 1969ರಲ್ಲಿ ಕೆಲಸ ಶುರುವಾಯಿತು. ಅಲ್ಲಿ ನೂರರಲ್ಲಿ ಎಪ್ಪತ್ತನಾಲ್ಕು ಪಾಲು ಭಾರತ ಸರ್ಕಾರದ್ದು. ಹದಿಮೂರು ಪಾಲು ಇರಾನಿನ ರಾಷ್ಟ್ರೀಯ ತೈಲ ಕಂಪನಿಯದು. ಇನ್ನು ಹದಿಮೂರು ಅಮೆರಿಕದ ಅಮೊಕೊ ಕಂಪನಿಯದು. ಕಚ್ಚಾ ತೈಲ ಕೊಡುವ ದೇಶವನ್ನೇ ಪಾಲುದಾರನನ್ನಾಗಿ ಕೂರಿಸಿಕೊಂಡದ್ದು ಜಾಣತನ. 1951ರಲ್ಲಿ ವಿದೇಶಿ ಕಂಪನಿ ಒಡೆಯ, ಸರ್ಕಾರ ಭರವಸೆ ಕೊಡುವವನು. 1965ರ ಹೊತ್ತಿಗೆ ಸರ್ಕಾರ ಒಡೆಯ, ವಿದೇಶಿ ಕಂಪನಿ ಕಿರಿಯ ಪಾಲುದಾರ.

ಮೂರನೆಯದು ಹಳೆಯ ಮೂರು ರಿಫೈನರಿಗಳ ಕಥೆಯ ಮುಕ್ತಾಯ. 1974ರಲ್ಲಿ ಎಸ್ಸೊ, 1976ರಲ್ಲಿ ಬರ್ಮಾ ಷೆಲ್, 1977ರಲ್ಲಿ ಕ್ಯಾಲ್ಟೆಕ್ಸ್. ಎಸ್ಸೊ ಎಂದರೆ ಮೊದಲಿನ ಸ್ಟ್ಯಾಂಡರ್ಡ್ ವ್ಯಾಕ್ಯೂಮ್‌ನ ಉತ್ತರಾಧಿಕಾರಿ. ಮಾತುಕತೆ ನಡೆಸಿ, ಸಂಸತ್ತಿನಲ್ಲಿ ಕಾಯಿದೆ ಮಾಡಿ, ಹಣ ಕೊಟ್ಟು ಸರ್ಕಾರ ಇವನ್ನು ಪಡೆಯಿತು. ಇವತ್ತಿನ ಹಿಂದುಸ್ತಾನ್ ಪೆಟ್ರೋಲಿಯಂ, ಭಾರತ್ ಪೆಟ್ರೋಲಿಯಂ ಹುಟ್ಟಿದ್ದು ಹೀಗೆ. ಕ್ಯಾಲ್ಟೆಕ್ಸ್ ಕಾಯಿದೆಯ ಹೆಸರೇ ಗಮನಿಸಬೇಕಾದದ್ದು. ಶುದ್ಧೀಕರಣ ಕಂಪನಿಯ ಷೇರುಗಳು ಮತ್ತು ಮಾರಾಟ ಕಂಪನಿಯ ಉದ್ಯಮ ಎಂದು ಅದು ಎರಡನ್ನು ಬೇರೆಬೇರೆಯಾಗಿ ಹೆಸರಿಸುತ್ತದೆ. ಒಂದೇ ಮನೆತನದ ಎರಡು ಕೋಣೆಗಳನ್ನು ಕಾನೂನು ಎರಡು ಬೀಗದ ಕೈಗಳಿಂದ ತೆರೆಯಬೇಕಾಯಿತು.

ಇದೆಲ್ಲ ಹಳೆಯ ಮಾತಾಯಿತು, ಈಗ ನಮಗೇನು ಎಂದು ಕೇಳಬಹುದು. ಹಾಗಾಗಿ ನಮ್ಮ ಮಂಗಳೂರಿಗೆ ಬರೋಣ.

ಮಂಗಳೂರು ರಿಫೈನರಿಯ ಕಂಪನಿ ಸ್ಥಾಪನೆಯಾದದ್ದು 1988ರಲ್ಲಿ. ಸರ್ಕಾರಿ ವಲಯದ ಹಿಂದುಸ್ತಾನ್ ಪೆಟ್ರೋಲಿಯಂ ಮತ್ತು ಖಾಸಗಿಯ ಬಿರ್ಲಾ ಸಮೂಹ ಜೊತೆಗೂಡಿದ ಕರಾರು ಅದು. 1996ರಲ್ಲಿ ಕುತ್ತೆತ್ತೂರಿನಲ್ಲಿ ಉತ್ಪಾದನೆ ಶುರುವಾಯಿತು. ಆಗ ರಿಫೈನರಿಗಳಿಗೆ ಸರ್ಕಾರ ಖಚಿತ ಆದಾಯದ ಭರವಸೆ ಕೊಡುತ್ತಿತ್ತು. 1998ರಿಂದ 2002ರ ನಡುವೆ ಆ ಪದ್ಧತಿ ಹೋಯಿತು. ಬೆಲೆಯ ನಿಯಮ ಬದಲಾದ ಮೇಲೆ ಕಂಪನಿ ಭಾರಿ ನಷ್ಟಕ್ಕೆ ಸಿಕ್ಕಿತು. 2003ರಲ್ಲಿ ಸರ್ಕಾರಿ ವಲಯದ ತೈಲ ಕಂಪನಿ ಓಎನ್‌ಜಿಸಿ ಬಿರ್ಲಾ ಪಾಲನ್ನು ಕೊಂಡು ಅದನ್ನು ಮತ್ತೆ ಎತ್ತಿ ನಿಲ್ಲಿಸಿತು. ಮೂವತ್ತು ಲಕ್ಷ ಟನ್ನಿನಿಂದ ಶುರುವಾದ ರಿಫೈನರಿ ಇಂದು ಒಂದೂವರೆ ಕೋಟಿ ಟನ್ ಸಾಮರ್ಥ್ಯಕ್ಕೆ ಬೆಳೆದಿದೆ.

ಇನ್ನೊಂದು ಘಟನೆ 2013ರದು. ಆಗ ಮಂಗಳೂರು ರಿಫೈನರಿ ಇರಾನಿನ ಕಚ್ಚಾ ತೈಲದ ದೊಡ್ಡ ಗಿರಾಕಿಯಾಗಿತ್ತು. ಇರಾನಿನ ಮೇಲೆ ಪಾಶ್ಚಾತ್ಯ ದೇಶಗಳು ನಿರ್ಬಂಧ ಹೇರಿದ್ದವು. ಇರಾನ್ ತೈಲ ಶುದ್ಧೀಕರಿಸುವ ರಿಫೈನರಿಗೆ ನಮ್ಮ ರಕ್ಷಣೆ ಇಲ್ಲ ಎಂದು ವಿದೇಶಿ ಮರುವಿಮೆ ಕಂಪನಿಗಳು ಕೈ ಚೆಲ್ಲಿದವು. ಕೆಲವು ತಿಂಗಳು ಮಂಗಳೂರಿಗೆ ಇರಾನ್ ತೈಲ ನಿಂತುಹೋಯಿತು. ಇಲ್ಲಿ ಮಾರುವವರಿಗೆ ಮನಸ್ಸಿತ್ತು, ಕೊಳ್ಳುವವರಿಗೆ ಬೇಕಿತ್ತು, ಭಾರತ ಸರ್ಕಾರದ ತಡೆಯೂ ಇರಲಿಲ್ಲ. ತಡೆದದ್ದು ವಿಮೆಯ ಕರಾರು. 1960ರಲ್ಲಿ ಸೋವಿಯತ್ ತೈಲವನ್ನು ನಿಲ್ಲಿಸಿದ ಪ್ರಶ್ನೆಯೇ ಇಲ್ಲಿ ಬೇರೆ ವೇಷದಲ್ಲಿ ಬಂತು. ನಮ್ಮ ರಿಫೈನರಿಗೆ ಯಾವ ತೈಲ ಬರಬೇಕು ಎಂದು ತೀರ್ಮಾನಿಸುವವರು ಯಾರು?

ಬೆಲೆಯ ಪ್ರಶ್ನೆಯೂ ಹೋಗಿಲ್ಲ. 2006ರಿಂದ ಪೆಟ್ರೋಲು, ಡೀಸೆಲ್‌ಗೆ ರಿಫೈನರಿಯ ಬಾಗಿಲಲ್ಲಿ ಕಟ್ಟುವ ದರಕ್ಕೆ ಒಂದು ಸೂತ್ರ ಬಂತು. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಆಮದು ಬೆಲೆ, ಒಂದು ಪಾಲು ರಫ್ತು ಬೆಲೆ. ಮುಂದೆ ಸರ್ಕಾರ ಚಿಲ್ಲರೆ ಬೆಲೆಯ ಮೇಲಿನ ಹಿಡಿತ ಬಿಟ್ಟಿತು. 2010ರಲ್ಲಿ ಪೆಟ್ರೋಲು, 2014ರಲ್ಲಿ ಡೀಸೆಲ್. ಇಷ್ಟಾದರೂ ನಮ್ಮಲ್ಲೇ ತಯಾರಾಗುವ ಸರಕಿಗೆ ಹೊರಗಿನ ಬಂದರಿನ ದರವೇ ಇಂದಿಗೂ ಅಳತೆಗೋಲು.

ಶ್ರೋತೃಗಳೇ, ಇಷ್ಟರಿಂದ ನಾವು ಕಲಿಯಬೇಕಾದದ್ದನ್ನು ಮೂರು ಪ್ರಶ್ನೆಗಳಲ್ಲಿ ಹೇಳುತ್ತೇನೆ. ಯಾವ ರಿಫೈನರಿಯ ಸುದ್ದಿ ಬಂದರೂ, ಎಷ್ಟು ಸಾವಿರ ಕೋಟಿಯ ಯೋಜನೆ ಎಂದು ಕೇಳಿ ಸುಮ್ಮನಾಗಬೇಡಿ. ಅದಕ್ಕೆ ಕಚ್ಚಾ ತೈಲ ಆರಿಸುವ ಹಕ್ಕು ಯಾರದು ಎಂದು ಕೇಳಿ. ಅದರ ಸರಕಿಗೆ ಬೆಲೆ ಕಟ್ಟುವ ನಿಯಮ ಯಾವುದು ಎಂದು ಕೇಳಿ. ಈ ಷರತ್ತುಗಳು ಎಷ್ಟು ವರ್ಷ ನಮ್ಮನ್ನು ಕಟ್ಟಿಹಾಕುತ್ತವೆ ಎಂದು ಕೇಳಿ. 1951ರಲ್ಲಿ ಈ ಮೂರು ಪ್ರಶ್ನೆಗಳಿಗೆ ಕೊಟ್ಟ ಉತ್ತರದಿಂದ ಹೊರಬರಲು ದೇಶಕ್ಕೆ ಕಾಲು ಶತಮಾನ ಬೇಕಾಯಿತು.

ಕೊನೆಯದಾಗಿ ಒಂದು ವಿನಂತಿ. ಕಾನೂನು ಓದುವ, ವಾಣಿಜ್ಯ ಓದುವ ತರುಣ ತರುಣಿಯರು ಇಂಥ ಒಪ್ಪಂದಗಳನ್ನು ಓದಬೇಕು. ಓದಿ, ಅವುಗಳ ಸಾರವನ್ನು ಕನ್ನಡದಲ್ಲಿ ಜನರಿಗೆ ತಿಳಿಸಬೇಕು. ಭೂಮಿ ಕೊಟ್ಟವರು ನಮ್ಮ ರೈತರು. ಬೆಲೆ ಕೊಡುತ್ತಿರುವವರು ನಾವು. ಸಾರ್ವಜನಿಕರ ಹಣದಲ್ಲಿ ನಡೆಯುವ ರಿಫೈನರಿಯ ಕರಾರಿನಲ್ಲಿ ಏನಿದೆ ಎಂದು ತಿಳಿಯುವ ಹಕ್ಕು ನಮಗಿದೆ. ಅದನ್ನು ಚಲಾಯಿಸೋಣ.